ಒಂದು ಅಚ್ಚು, ಹತ್ತು ತಾಲ್ಲೂಕು: ಒಂದೇ ಬಗೆಯ ಡ್ಯಾಶ್‌ಬೋರ್ಡ್‌ಗಳನ್ನು ಕಟ್ಟುವ ಕ್ರಮ

2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ ಸುಮಾರು 25.36 ಲಕ್ಷ, 2011ರ ಜನಗಣತಿಯಲ್ಲಿ ಅದೇ ಹೆಸರಿನ ಜಿಲ್ಲೆಯದು ಸುಮಾರು 15.36 ಲಕ್ಷ. ಈ ಎರಡು ಅಂಕಿಗಳನ್ನು ಗೆರೆಯೊಂದರಿಂದ ಜೋಡಿಸಿ ಪರದೆಯ ಮೇಲೆ ತೋರಿಸಿದರೆ, ಹತ್ತೇ ವರ್ಷದಲ್ಲಿ ಹತ್ತು ಲಕ್ಷ ಜನ ಜಿಲ್ಲೆ ಬಿಟ್ಟು ಹೋದರೆಂದು ನೋಡಿದವರು ತಿಳಿದುಕೊಳ್ಳುತ್ತಾರೆ. ನಡೆದದ್ದೇ ಬೇರೆ. ಹನ್ನೊಂದು ತಾಲ್ಲೂಕುಗಳಿದ್ದ ಹಳೆಯ ಕೋಲಾರದಿಂದ ಆರು ತಾಲ್ಲೂಕುಗಳು 2007ರಲ್ಲಿ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದವು. 2011ರಲ್ಲಿ ಆ ಹೊಸ ಜಿಲ್ಲೆಯ 12.55 ಲಕ್ಷವನ್ನೂ ಕೂಡಿಸಿಕೊಂಡರೆ ಹಳೆಯ ಪ್ರದೇಶದ ಜನಸಂಖ್ಯೆ 27.91 ಲಕ್ಷಕ್ಕೆ ಏರಿತ್ತು. ಚಿತ್ರದ ಬಣ್ಣ, ಅಕ್ಷರ, ಅಳತೆ ಎಲ್ಲವೂ ಅಚ್ಚುಕಟ್ಟಾಗಿದ್ದರೂ ಅದು ಹೇಳಿದ್ದು ಸುಳ್ಳಾಯಿತು.

ಡ್ಯಾಶ್‌ಬೋರ್ಡ್‌ನ ಟೆಂಪ್ಲೇಟ್ (ಮುಖ್ಯ ಅಂಕಿಗಳನ್ನು ಒಂದೇ ಪುಟದಲ್ಲಿ ತೋರಿಸುವ ಫಲಕದ ಅಚ್ಚು) ಎಂದೊಡನೆ ಹೆಚ್ಚಿನವರು ಬಣ್ಣ ಮತ್ತು ಚೌಕಟ್ಟುಗಳನ್ನು ಆರಿಸಲು ಕುಳಿತುಬಿಡುತ್ತಾರೆ. ಬೆಲ್ಲದ ಅಚ್ಚಿನಂತೆ ಟೆಂಪ್ಲೇಟ್ ಆಕಾರವನ್ನಷ್ಟೇ ಕೊಡುತ್ತದೆ. ಪಾಕದ ಹದ ಕೆಟ್ಟಿದ್ದರೆ ಅಚ್ಚು ಏನೂ ಮಾಡಲಾರದು. ಯಾವ ಹೆಸರು, ಯಾವ ಮಾನ (ಅಳತೆಯ ಘಟಕ), ಯಾವ ಹೋಲಿಕೆ, ಮಾಹಿತಿ ಬಾರದಿದ್ದಾಗ ಏನು ತೋರಿಸಬೇಕು ಎಂಬ ತೀರ್ಮಾನಗಳನ್ನು ಒಮ್ಮೆ ಮಾಡಿ, ಅವನ್ನು ಪ್ರತಿ ತಿಂಗಳೂ ಹೊಸದಾಗಿ ಚರ್ಚಿಸದಂತೆ ಕಡತದೊಳಗೇ ಕೂಡಿಸಿಡುವುದು ಟೆಂಪ್ಲೇಟಿನ ನಿಜವಾದ ಕೆಲಸ. ಆದ್ದರಿಂದ ಈ ಲೇಖನದಲ್ಲಿ ಬಣ್ಣದ ಮಾತು ಅರ್ಧದಾರಿ ಕಳೆದ ಮೇಲೆ ಬರುತ್ತದೆ.

ಉದಾಹರಣೆಗೆ ತುಮಕೂರು ಜಿಲ್ಲೆಯನ್ನು ತೆಗೆದುಕೊಳ್ಳೋಣ. ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಚಿಕ್ಕನಾಯಕನಹಳ್ಳಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ಹತ್ತು ತಾಲ್ಲೂಕುಗಳಿಗೆ ಪ್ರತಿ ತಿಂಗಳು ಒಂದೊಂದು ಪುಟ ಬೇಕು. ಮಳೆ, ಬಿತ್ತನೆ, ಹಾಲು ಸಂಗ್ರಹಣೆ, ಮಾರುಕಟ್ಟೆಯ ಆವಕ ಮತ್ತು ಧಾರಣೆ ಎಂಬ ಐದು ಸೂಚಕಗಳು ಅದರಲ್ಲಿರಬೇಕು ಎಂದು ಇಟ್ಟುಕೊಳ್ಳೋಣ. ರೈತ ಉತ್ಪಾದಕರ ಸಂಸ್ಥೆಯ ಲೆಕ್ಕಿಗರಿಗೂ ತಾಲ್ಲೂಕು ಮಟ್ಟದ ಪ್ರಗತಿ ಪರಿಶೀಲನಾ ಸಭೆಗೆ ಅಂಕಿಅಂಶ ಒದಗಿಸುವವರಿಗೂ ಇದೇ ಕ್ರಮ ಒದಗುತ್ತದೆ. ಸಾಧನವಾಗಿ ಎಕ್ಸೆಲ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಹೆಸರುಗಳ ಪಟ್ಟಿ

ಹೊಸ ಕಡತದ ಮೊದಲ ಶೀಟಿನಲ್ಲಿ ತಾಲ್ಲೂಕುಗಳ ಮೂಲಪಟ್ಟಿಯೊಂದನ್ನು ಮಾಡಬೇಕು. ಪ್ರತಿ ತಾಲ್ಲೂಕಿಗೂ ಒಂದು ಸಂಕೇತ ಸಂಖ್ಯೆ, ಪುಟದಲ್ಲಿ ಕಾಣಬೇಕಾದ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಇತರ ಕಡತಗಳಲ್ಲಿ ಅದಕ್ಕೆ ಬಳಕೆಯಾಗುವ ಬೇರೆ ರೂಪಗಳು ಎಂಬ ಕಾಲಂಗಳಿರಲಿ. ಸಂಕೇತವನ್ನು ಸ್ವಂತವಾಗಿ ಸೃಷ್ಟಿಸಬೇಕಾಗಿಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಯಿಂದ ಹಳ್ಳಿಯವರೆಗೆ ಪ್ರತಿಯೊಂದಕ್ಕೂ ಸಂಖ್ಯೆಯಿದೆ. ಅದನ್ನೇ ಬಳಸುವುದು ಲೇಸು.

ಹೆಸರಿನ ಮೇಲೆ ಲೆಕ್ಕವನ್ನು ನಿಲ್ಲಿಸಬಾರದು ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರವಣಿಗೆಯಲ್ಲೂ ‘ತುಮಕೂರು’ ಎಂಬ ರೂಪ ಅಧಿಕೃತವಾಯಿತು. ಅದಕ್ಕಿಂತ ಹಿಂದಿನ ಕಡತಗಳಲ್ಲಿರುವುದು ‘ತುಮ್ಕೂರ್’, ನಂತರದವುಗಳಲ್ಲಿ ಎರಡೂ ಬೆರೆತಿವೆ. ಕನ್ನಡದಲ್ಲಿಯೇ ಶಿರಾ ಎಂದು ಒಬ್ಬರು, ಸಿರಾ ಎಂದು ಇನ್ನೊಬ್ಬರು ಬರೆಯುತ್ತಾರೆ. ಬಾಗೇಪಲ್ಲಿ ಮತ್ತು ಬಾಗೆಪಲ್ಲಿಗಳ ನಡುವೆ ಕಣ್ಣಿಗೆ ಕಾಣುವ ಅಂತರ ಒಂದು ದೀರ್ಘದ್ದಾದರೂ ಕಂಪ್ಯೂಟರಿಗೆ ಅವು ಎರಡು ಬೇರೆ ಊರುಗಳು. ಇನ್ನೂ ಕಣ್ಣಿಗೆ ಕಾಣದ ತೊಡಕೊಂದಿದೆ. ಯೂನಿಕೋಡ್ ಕನ್ನಡದಲ್ಲಿ ಅರ್ಧಾಕ್ಷರವನ್ನು ಒತ್ತಾಗದಂತೆ ಬಿಡಿಯಾಗಿ ನಿಲ್ಲಿಸಲು ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಬಳಸುತ್ತೇವೆ. ಒಬ್ಬರ ಕೀಲಿಮಣೆ ಅದನ್ನು ಪದದ ಕೊನೆಗೆ ಸೇರಿಸಿ ಇನ್ನೊಬ್ಬರದು ಸೇರಿಸದಿದ್ದರೆ, ಪರದೆಯ ಮೇಲೆ ಒಂದೇ ಆಗಿ ಕಾಣುವ ‘ಕುಣಿಗಲ್’ ಎರಡು ಬೇರೆ ಪದಗಳಾಗಿ ಒಟ್ಟು ಮೊತ್ತದಿಂದ ಸದ್ದಿಲ್ಲದೆ ಜಾರಿಹೋಗುತ್ತದೆ. ಆದ್ದರಿಂದ ಹೆಸರನ್ನು ಯಾರೂ ಕೈಯಿಂದ ಬೆರಳಚ್ಚಿಸದಂತೆ, ಮೂಲಪಟ್ಟಿಯಿಂದ ಆಯ್ದುಕೊಳ್ಳುವಂತೆ ಡ್ರಾಪ್‌ಡೌನ್ ಇಡಬೇಕು. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿರುವ ಕಡತಗಳನ್ನು ಪರಿವರ್ತಿಸಿದ ಮೇಲಷ್ಟೇ ಒಳಗೆ ತರಬೇಕು. ಅಂಕಿಗಳನ್ನು 0ಯಿಂದ 9ರ ರೂಪದಲ್ಲಿಯೇ ತುಂಬಬೇಕು. ಕನ್ನಡದ ಅಂಕಿಗಳ ಮೇಲೆ ನನಗೂ ಪ್ರೀತಿಯಿದೆ, ಆದರೆ ಕೋಶದಲ್ಲಿ ‘೪೫’ ಎಂದು ಬರೆದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದಲ್ಲ, ಪದವೆಂದು ತೆಗೆದುಕೊಳ್ಳುವ ಅಪಾಯವಿದೆ.

ಇದೇ ಪಟ್ಟಿಯಲ್ಲಿ ‘ಯಾವ ವರ್ಷದಿಂದ’, ‘ಯಾವ ತಾಲ್ಲೂಕಿನಿಂದ’ ಎಂಬ ಎರಡು ಕಾಲಂಗಳನ್ನೂ ಸೇರಿಸಿಕೊಳ್ಳಿ. ಬಂಗಾರಪೇಟೆಯಿಂದ ಕೆಜಿಎಫ್, ಗೌರಿಬಿದನೂರಿನಿಂದ ಮಂಚೇನಹಳ್ಳಿ ಬೇರೆ ತಾಲ್ಲೂಕುಗಳಾದಂತೆ ಗಡಿಗಳು ಬದಲಾಗುತ್ತಲೇ ಇರುತ್ತವೆ. ಗಡಿ ಬದಲಾದ ವರ್ಷದಲ್ಲಿ ಗೆರೆಯನ್ನು ತುಂಡರಿಸಿ, ಒಂದು ಲಂಬರೇಖೆ ಹಾಕಿ, ಅದರ ಪಕ್ಕದಲ್ಲಿ ಕಾರಣವನ್ನು ಬರೆಯುವುದು ಟೆಂಪ್ಲೇಟಿನ ನಿಯಮವಾಗಿರಲಿ.

ಎರಡನೆಯ ಹೆಜ್ಜೆ: ಉದ್ದನೆಯ ಕೋಷ್ಟಕ

ತಿಂಗಳಿಗೊಂದು ಕಾಲಂನಂತೆ ಅಡ್ಡಡ್ಡ ಬೆಳೆಯುವ ಕೋಷ್ಟಕ ಓದಲು ಹಿತವಾದರೂ ಮರುಬಳಕೆಗೆ ಒಗ್ಗುವುದಿಲ್ಲ. ಮಾಹಿತಿ ಶೀಟಿನಲ್ಲಿ ತಾಲ್ಲೂಕು ಸಂಕೇತ, ವರ್ಷ, ತಿಂಗಳು, ಸೂಚಕ, ಮೌಲ್ಯ, ಮಾನ, ಮೂಲ ಎಂಬ ಏಳೇ ಕಾಲಂಗಳಿರಲಿ. ಒಂದು ಸಾಲಿನಲ್ಲಿ ಒಂದು ತಾಲ್ಲೂಕಿನ ಒಂದು ತಿಂಗಳ ಒಂದೇ ಸೂಚಕ ಬರಲಿ. ಹತ್ತು ತಾಲ್ಲೂಕು, ಹನ್ನೆರಡು ತಿಂಗಳು, ಐದು ಸೂಚಕ ಎಂದರೆ ವರ್ಷಕ್ಕೆ 600 ಸಾಲು; ಎಕ್ಸೆಲ್‌ಗೆ ಇದು ಏನೇನೂ ಅಲ್ಲ. ಇಡೀ ಪ್ರದೇಶವನ್ನು ಆಯ್ದು ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒತ್ತಿ ‘ಟೇಬಲ್’ ಆಗಿ ಮಾಡಿಕೊಂಡರೆ, ಕೆಳಗೆ ಸಾಲು ಸೇರಿಸಿದಂತೆಲ್ಲ ಸೂತ್ರಗಳೂ ಚಿತ್ರಗಳೂ ತಾವಾಗಿಯೇ ಹಿಗ್ಗುತ್ತವೆ.

ಮಾನದ ಕಾಲಂ ಏಕೆ ಬೇಕೆಂದು ಕೇಳಬಹುದು. ತಿಪಟೂರಿನ ಕೊಬ್ಬರಿ ಧಾರಣೆ ಕ್ವಿಂಟಾಲಿನ ಲೆಕ್ಕ; ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಧಾರಣೆಯನ್ನು 15 ಕೆ.ಜಿ. ಬಾಕ್ಸಿಗೆ ಹೇಳುತ್ತಾರೆ, ಶಿಡ್ಲಘಟ್ಟದ ರೇಷ್ಮೆಗೂಡು ಕಿಲೋ ಲೆಕ್ಕದಲ್ಲಿ ಹರಾಜಾಗುತ್ತದೆ. ಬಾಕ್ಸಿಗೆ 450 ರೂಪಾಯಿ ಎಂದರೆ ಕ್ವಿಂಟಾಲಿಗೆ 3,000 ರೂಪಾಯಿ. ಮಾರುಕಟ್ಟೆಯವರು ಹೇಳಿದ ಅಂಕಿಯನ್ನು ಹೇಳಿದಂತೆಯೇ ತುಂಬಿ, ಪರಿವರ್ತನೆಯನ್ನು ಸೂತ್ರಕ್ಕೆ ಬಿಡಬೇಕು. ತುಂಬುವವರು ಮನಸ್ಸಿನಲ್ಲೇ ಗುಣಿಸಿ ಬರೆದರೆ ತಪ್ಪು ಎಲ್ಲಿ ನುಸುಳಿತೆಂದು ಆಮೇಲೆ ಹುಡುಕಲಾಗುವುದಿಲ್ಲ.

ಮೂರನೆಯ ಹೆಜ್ಜೆ: ಸೊನ್ನೆ, ಖಾಲಿ, ಅನ್ವಯಿಸದ್ದು

ಈ ಹೆಜ್ಜೆಯಲ್ಲಿ ನಿಧಾನಿಸಬೇಕು. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಏಪ್ರಿಲ್‌ನಲ್ಲಿ ಪಾವಗಡದಲ್ಲಿ ಮಳೆಯೇ ಬೀಳಲಿಲ್ಲ ಎನ್ನುವುದು ಒಂದು ಸಂಗತಿ. ಪಾವಗಡದ ವರದಿ ಇನ್ನೂ ಬಂದಿಲ್ಲ ಎನ್ನುವುದು ಇನ್ನೊಂದು. ಕೊಬ್ಬರಿ ಹರಾಜೇ ನಡೆಯದ ತಾಲ್ಲೂಕಿನಲ್ಲಿ ಕೊಬ್ಬರಿಯ ಆವಕ ಎಷ್ಟೆಂದು ಕೇಳುವುದು ಮೂರನೆಯದು. ಮೊದಲನೆಯದಕ್ಕೆ 0, ಎರಡನೆಯದಕ್ಕೆ ‘ಬಂದಿಲ್ಲ’, ಮೂರನೆಯದಕ್ಕೆ ‘ಅನ್ವಯಿಸದು’ ಎಂದು ಪುಟದಲ್ಲಿ ಸ್ಪಷ್ಟವಾಗಿ ಕಾಣಬೇಕು.

ತೊಂದರೆಯೆಂದರೆ, ಹೊಂದುವ ಸಾಲುಗಳನ್ನಷ್ಟೇ ಕೂಡಿಸಲು ನಾವೆಲ್ಲ ಬಳಸುವ ಸಮ್‌ಇಫ್ಸ್ (SUMIFS) ಸೂತ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಹುಡುಕಿದ ಸಾಲು ಇಲ್ಲವೇ ಇಲ್ಲದಿದ್ದರೂ ಅದು 0 ಎಂದೇ ಉತ್ತರಿಸುತ್ತದೆ. ಹಾಗಾಗಿ ವರದಿ ಬಾರದ ತಿಂಗಳು ಬರಗಾಲದ ತಿಂಗಳಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಸರಳ: ಮೊದಲು ಕೌಂಟ್‌ಇಫ್ಸ್‌ನಿಂದ (COUNTIFS) ಆ ಸಾಲು ಇದೆಯೇ ಎಂದು ಎಣಿಸಿ, ಎಣಿಕೆ ಸೊನ್ನೆಯಾದರೆ ಎನ್‌ಎ (#N/A) ಎಂಬ ದೋಷಮೌಲ್ಯವನ್ನು ಕೊಡುವಂತೆ, ಇಲ್ಲದಿದ್ದರೆ ಮಾತ್ರ ಸಮ್‌ಇಫ್ಸ್ ನಡೆಯುವಂತೆ ಸೂತ್ರವನ್ನು ಕಟ್ಟಬೇಕು. ಎನ್‌ಎ ಬದಲು ಖಾಲಿ ಉದ್ಧರಣ ಚಿಹ್ನೆಗಳನ್ನು ಕೊಟ್ಟರೆ ಕೋಶವೇನೋ ಖಾಲಿ ಕಾಣುತ್ತದೆ, ಆದರೆ ಗೆರೆಚಿತ್ರ ಅದನ್ನು ಮತ್ತೆ ಸೊನ್ನೆಯೆಂದೇ ಎಳೆಯುತ್ತದೆ. ಚಿತ್ರದ ‘ಖಾಲಿ ಕೋಶಗಳು’ ಎಂಬ ಆಯ್ಕೆಯಲ್ಲಿ ಗೆರೆ ಕಡಿದಂತೆ ಬಿಡುವ ಕ್ರಮವನ್ನು ಆರಿಸಿ. ಕಡಿದ ಗೆರೆ ಅಂದಗೆಟ್ಟಂತೆ ಕಾಣುತ್ತದೆಂದು ಸಭೆಗೆ ಮುನ್ನ ಯಾರಾದರೂ ಅದನ್ನು ಜೋಡಿಸಲು ಹೇಳುತ್ತಾರೆ; ಒಪ್ಪಬಾರದು.

ನಾಲ್ಕನೆಯ ಹೆಜ್ಜೆ: ಹೋಲಿಕೆಯ ನಿಯಮ

ಶೇಕಡಾವಾರುಗಳ ಸರಾಸರಿ ತೆಗೆಯುವುದನ್ನು ಟೆಂಪ್ಲೇಟ್ ತಡೆಯಬೇಕು. ಒಂದು ತಾಲ್ಲೂಕಿನಲ್ಲಿ 40,000 ಹೆಕ್ಟೇರ್ ಬಿತ್ತನೆ ಗುರಿಗೆ 20,000, ಇನ್ನೊಂದರಲ್ಲಿ 2,000ಕ್ಕೆ 2,000 ಸಾಧನೆಯಾಗಿದೆ ಎನ್ನೋಣ. ಶೇ. 50 ಮತ್ತು ಶೇ. 100ರ ಸರಾಸರಿ ಶೇ. 75, ಆದರೆ 42,000ಕ್ಕೆ 22,000 ಬಿತ್ತನೆಯಾದದ್ದು ಶೇ. 52.4 ಮಾತ್ರ. ಜಿಲ್ಲೆಯ ಅಂಕಿಯನ್ನು ಯಾವಾಗಲೂ ಮೊತ್ತಗಳಿಂದಲೇ ಲೆಕ್ಕಹಾಕುವ ಸೂತ್ರವನ್ನು ಬರೆದು, ಆ ಕೋಶಕ್ಕೆ ಬೀಗ ಹಾಕಿಬಿಡಿ.

ಮಳೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಭಾರತೀಯ ಹವಾಮಾನ ಇಲಾಖೆಯ ಕ್ರಮದಲ್ಲಿ ವಾಡಿಕೆಗಿಂತ ಶೇ. 19ರಷ್ಟು ಹೆಚ್ಚು ಅಥವಾ ಕಡಿಮೆಯವರೆಗಿನ ಮಳೆ ಸಾಮಾನ್ಯ; ಶೇ. 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ, ಶೇ. 60ರಿಂದ 99ರವರೆಗೆ ತೀವ್ರ ಕೊರತೆ. ಈ ಮಿತಿಗಳನ್ನು ಪ್ರತ್ಯೇಕ ಶೀಟಿನಲ್ಲಿ ಬರೆದಿಟ್ಟು ಅಲ್ಲಿಂದಲೇ ಓದಿಸಿದರೆ ಹತ್ತೂ ಪುಟಗಳಲ್ಲಿ ‘ಕೊರತೆ’ ಎಂಬ ಪದಕ್ಕೆ ಒಂದೇ ಅರ್ಥವಿರುತ್ತದೆ. ಆದರೆ ಫೆಬ್ರುವರಿಯಲ್ಲಿ ವಾಡಿಕೆ ಮಳೆ 3 ಮಿ.ಮೀ. ಇದ್ದ ಕಡೆ ಒಂದು ಸಂಜೆ 9 ಮಿ.ಮೀ. ಸುರಿದರೆ ಚಿತ್ರ ಶೇ. 200 ಹೆಚ್ಚಳವೆಂದು ಅಬ್ಬರಿಸುತ್ತದೆ, ನೆಲದ ತೇವ ಮಾತ್ರ ಮರುದಿನಕ್ಕೂ ಉಳಿದಿರುವುದಿಲ್ಲ. ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲಿ ಮಿಲಿಮೀಟರ್ ಅಂಕಿಯನ್ನು ಕಡ್ಡಾಯಗೊಳಿಸಿ, ಮುಂಗಾರಿನ ಪುಟದಲ್ಲಿ ಜೂನ್ 1ರಿಂದ ಕೂಡಿಸುತ್ತ ಬಂದ ಒಟ್ಟು ಮಳೆಯನ್ನು ತೋರಿಸುವುದು ವಿವೇಕ.

ಅಕ್ಷಗಳ ಅಳತೆಯನ್ನು ತಂತ್ರಾಂಶದ ಇಷ್ಟಕ್ಕೆ ಬಿಡಬಾರದು. ಹಿಂದೆ ನಾನೇ ತಯಾರಿಸಿದ ಎರಡು ಪುಟಗಳನ್ನು ಸಭೆಯೊಂದರಲ್ಲಿ ಅಕ್ಕಪಕ್ಕದಲ್ಲಿ ತೋರಿಸಿದಾಗ, ಬರಕ್ಕೆ ಹೆಸರಾದ ಪಾವಗಡದ ಮಳೆಯ ಕಂಬಗಳು ಕುಣಿಗಲ್‌ನ ಕಂಬಗಳಷ್ಟೇ ಎತ್ತರವಾಗಿ ನಿಂತಿದ್ದವು. ಎಕ್ಸೆಲ್ ಪ್ರತಿ ಚಿತ್ರಕ್ಕೂ ಅದರದೇ ಗರಿಷ್ಠ ಅಂಕಿಗೆ ತಕ್ಕ ಅಕ್ಷವನ್ನು ಕೊಟ್ಟಿತ್ತು. “ಈ ಸಲ ಪಾವಗಡಕ್ಕೂ ಒಳ್ಳೆಯ ಮಳೆ ಬಂತಲ್ಲ ಸಾರ್” ಎಂದು ಹಿರಿಯ ರೈತರೊಬ್ಬರು ಸಂತೋಷದಿಂದ ಹೇಳಿದಾಗಲೇ ನನಗೆ ತಪ್ಪು ಕಂಡದ್ದು. ಅಂದಿನಿಂದ ಪ್ರತಿ ಸೂಚಕಕ್ಕೂ ಹತ್ತು ತಾಲ್ಲೂಕುಗಳಲ್ಲಿ ಅತಿ ಹೆಚ್ಚಿನದನ್ನು ನೋಡಿ ಒಂದೇ ಗರಿಷ್ಠವನ್ನು ನಿಗದಿ ಮಾಡುತ್ತೇನೆ. ಕಂಬಗಳು ಯಾವಾಗಲೂ ಸೊನ್ನೆಯಿಂದಲೇ ಏಳುತ್ತವೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಶೇ. 100ಕ್ಕೆ ನಿಂತುಬಿಡುವ ಪಟ್ಟಿಗಳು ಮತ್ತು ಗಡಿಯಾರದಂಥ ಮೀಟರ್‌ಗಳು ಸಿದ್ಧ ಟೆಂಪ್ಲೇಟ್‌ಗಳಲ್ಲಿ ಹೇರಳ. ಅಂತರ್ಜಲದ ಲೆಕ್ಕದಲ್ಲಿ ವರ್ಷಕ್ಕೆ ತೆಗೆಯಬಹುದಾದ ನೀರಿನ ಶೇ. 70ರವರೆಗೆ ಬಳಸಿದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಅದನ್ನು ದಾಟಿದರೆ ಅತಿ ಬಳಕೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೂರನ್ನು ದಾಟಿರುವುದೇ ಮುಖ್ಯ ಸಂಗತಿಯಾಗಿರುವಾಗ, ನೂರಕ್ಕೆ ತುಂಬಿ ನಿಲ್ಲುವ ಪಟ್ಟಿ ಅದನ್ನೇ ಮರೆಮಾಡುತ್ತದೆ. ಅಂಥ ಸೂಚಕಕ್ಕೆ ಅಕ್ಷ ನೂರರಾಚೆಗೂ ಚಾಚಿರಲಿ, ನೂರರಲ್ಲೊಂದು ಗೆರೆ ಇರಲಿ.

ಐದನೆಯ ಹೆಜ್ಜೆ: ಪುಟದ ರೂಪ

ಈಗ ರೂಪದ ಮಾತು. ಅಡ್ಡ ಎ4 ಹಾಳೆಯ ಒಂದೇ ಪುಟವನ್ನು ಅಳತೆಯಾಗಿಟ್ಟುಕೊಳ್ಳಿ. ಮೇಲ್ಭಾಗದಲ್ಲಿ ತಾಲ್ಲೂಕಿನ ಹೆಸರು ಮತ್ತು ತಿಂಗಳು, ಅದರ ಕೆಳಗೆ ನಾಲ್ಕು ದೊಡ್ಡ ಅಂಕಿಗಳು, ನಡುವೆ ತಿಂಗಳುವಾರು ಗೆರೆಚಿತ್ರ, ಕೆಳಗೆ ಹತ್ತು ತಾಲ್ಲೂಕುಗಳ ಹೋಲಿಕೆ, ತೀರಾ ಕೆಳಗೆ ಮೂಲ ಮತ್ತು ‘ಯಾವ ದಿನದವರೆಗಿನ ಮಾಹಿತಿ’ ಎಂಬ ಸಾಲು. ಹೋಲಿಕೆಯಲ್ಲಿ ತಾಲ್ಲೂಕುಗಳ ಕ್ರಮ ಎಲ್ಲ ಪುಟಗಳಲ್ಲೂ ಒಂದೇ ಇರಬೇಕೆಂಬುದು ನನ್ನ ಪಕ್ಷ. ಹೆಚ್ಚಿನಿಂದ ಕಡಿಮೆಗೆ ಜೋಡಿಸಬೇಕೆಂದು ವಿನ್ಯಾಸಕಾರರು ಹೇಳುತ್ತಾರೆ. ಆದರೆ ತಿಂಗಳುಗಟ್ಟಲೆ ಅದೇ ಪುಟವನ್ನು ನೋಡುವವರು ತಮ್ಮ ತಾಲ್ಲೂಕನ್ನು ಅದರ ಜಾಗದಲ್ಲಿಯೇ ಹುಡುಕುತ್ತಾರೆ.

ಕನ್ನಡ ಅಕ್ಷರಗಳಿಗೆ ಇಂಗ್ಲಿಷಿನ ಟೆಂಪ್ಲೇಟ್ ಹಾಗೆಯೇ ಹೊಂದುವುದಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಹೆಚ್ಚಿಸಬೇಕು; ಇಲ್ಲವಾದರೆ ‘ಮಧುಗಿರಿ’ ಸರಿಯಾಗಿ ಕಂಡು ‘ಗುಬ್ಬಿ’ಯ ಒತ್ತು ಕತ್ತರಿಸಿಹೋಗುತ್ತದೆ. ಹೆಸರುಗಳನ್ನು ತೊಂಬತ್ತು ಡಿಗ್ರಿ ತಿರುಗಿಸಿ ನಿಲ್ಲಿಸಿದರೆ ಓದುವವರು ಕತ್ತು ವಾಲಿಸಬೇಕಾಗುತ್ತದೆ. ಆದ್ದರಿಂದ ನಿಂತ ಕಂಬಗಳ ಬದಲು ಮಲಗಿದ ಪಟ್ಟಿಗಳನ್ನು ಬಳಸಿ, ಹೆಸರಿಗೆ ಎಡಗಡೆ ಧಾರಾಳವಾಗಿ ಜಾಗ ಬಿಡಿ. ಎಷ್ಟು ಬಿಡಬೇಕೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಸಿದ್ಧ ಅಳತೆಗೋಲಿದೆ: ‘ಚಿಕ್ಕನಾಯಕನಹಳ್ಳಿ’ ಹಿಡಿಸಿದರೆ ಉಳಿದ ಒಂಬತ್ತೂ ಹಿಡಿಸುತ್ತವೆ. ಅಕ್ಷರಶೈಲಿ ಒಂದೇ ಇರಲಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ದೊರೆಯುತ್ತದೆ.

ಲಕ್ಷ, ಕೋಟಿಗಳ ಅಲ್ಪವಿರಾಮವನ್ನು ಆಯಾ ಕಂಪ್ಯೂಟರಿನ ವ್ಯವಸ್ಥೆಗೆ ಬಿಟ್ಟರೆ ಒಬ್ಬರ ಪರದೆಯಲ್ಲಿ 12,55,104 ಎಂದೂ ಇನ್ನೊಬ್ಬರಲ್ಲಿ 1,255,104 ಎಂದೂ ಕಾಣುತ್ತದೆ. ಎಕ್ಸೆಲ್‌ನ ಸಂಖ್ಯಾರೂಪದ ಕಸ್ಟಮ್ ಆಯ್ಕೆಯಲ್ಲಿ ಈ ಸಾಲನ್ನು ಬರೆದು ಕೋಶದ ಶೈಲಿಯಾಗಿ ಉಳಿಸಿಕೊಳ್ಳಿ:

[>=10000000]##\,##\,##\,##0;[>=100000]##\,##\,##0;##,##0

ಒಂದು ಲಕ್ಷವನ್ನು ಮೀರಿದ ಋಣಸಂಖ್ಯೆಗಳಿಗೆ ಇದು ಒದಗುವುದಿಲ್ಲ. ನಮ್ಮ ಐದು ಸೂಚಕಗಳಲ್ಲಿ ಅಂಥವು ಇಲ್ಲ.

ಬಣ್ಣಗಳು ನಾಲ್ಕು ಸಾಕು, ಮತ್ತು ಪ್ರತಿಯೊಂದಕ್ಕೂ ಒಂದೇ ಅರ್ಥವಿರಬೇಕು. ಈ ವರ್ಷಕ್ಕೆ ಕಡುನೀಲಿ 332288 (ಈ ಆರಂಕಿಗಳು ಎಕ್ಸೆಲ್‌ಗೆ ಕೊಡುವ ಹೆಕ್ಸ್ ಬಣ್ಣಸಂಕೇತ), ವಾಡಿಕೆ ಅಥವಾ ಕಳೆದ ವರ್ಷಕ್ಕೆ ಬೂದು 767676, ಗುರಿ ಮುಟ್ಟಿದ್ದಕ್ಕೆ ಹಸಿರು 117733, ಎಚ್ಚರಿಕೆಗೆ ದ್ರಾಕ್ಷಿಗೆಂಪು 882255 ಎಂದು ನಾನು ಇಟ್ಟುಕೊಂಡಿದ್ದೇನೆ. ಬಿಳಿಯ ಹಿನ್ನೆಲೆಯಲ್ಲಿ ಅಕ್ಷರಕ್ಕೆ ಬೇಕಾದ 4.5ಕ್ಕೆ 1ರ ಹೊಳಪಿನ ವ್ಯತ್ಯಾಸವನ್ನು 767676 ಬಣ್ಣ ಸ್ವಲ್ಪವೇ ದಾಟುತ್ತದೆ. ಅದಕ್ಕಿಂತ ತಿಳಿಯಾದ ಬೂದಿನಲ್ಲಿ ಅಕ್ಷರ ಬರೆಯಬೇಡಿ. ಎಕ್ಸೆಲ್ ಬಣ್ಣವನ್ನು ಸರಣಿಯ (ಚಿತ್ರದ ಒಂದು ಗೆರೆ ಅಥವಾ ಒಂದು ಗುಂಪಿನ ಪಟ್ಟಿಗಳ) ಕ್ರಮದ ಮೇಲೆ ಹಂಚುವುದರಿಂದ ನಡುವಿನ ಒಂದು ಸರಣಿಯನ್ನು ತೆಗೆದರೆ ಉಳಿದವುಗಳ ಬಣ್ಣ ಬದಲಾಗಬಹುದು. ಪ್ರತಿ ಸರಣಿಗೂ ಬಣ್ಣವನ್ನು ಕೈಯಾರೆ ನಿಗದಿಪಡಿಸಿ, ಚಿತ್ರವನ್ನು ಚಾರ್ಟ್ ಟೆಂಪ್ಲೇಟ್ ಆಗಿ ಉಳಿಸಬೇಕು. ಕೊನೆಗೆ ಪುಟವನ್ನೊಮ್ಮೆ ಕಪ್ಪುಬಿಳುಪಿನಲ್ಲಿ ಮುದ್ರಿಸಿ ನೋಡಿ. ಸಭೆಯಲ್ಲಿ ಕೈಗೆ ಬರುವುದು ಬಹುಪಾಲು ಜೆರಾಕ್ಸ್ ಪ್ರತಿಯೇ. ಅದರಲ್ಲಿ ಕಡುನೀಲಿಗೂ ದ್ರಾಕ್ಷಿಗೆಂಪಿಗೂ ಭೇದವಿರುವುದಿಲ್ಲ. ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳೂ ಇವೆ. ‘ಕೊರತೆ’ ಎಂಬ ಪದವನ್ನೇ ಪಕ್ಕದಲ್ಲಿ ಬರೆದರೆ ಎರಡೂ ತೊಂದರೆ ನೀಗುತ್ತವೆ.

ಆರನೆಯ ಹೆಜ್ಜೆ: ಉಳಿಸುವುದು ಮತ್ತು ಹಂಚುವುದು

ಮಾಹಿತಿಯ ಸಾಲುಗಳನ್ನು ಅಳಿಸಿ, ಮೂಲಪಟ್ಟಿ ಮತ್ತು ಮಿತಿಗಳನ್ನು ಉಳಿಸಿಕೊಂಡು, ಕಡತವನ್ನು ‘ಎಕ್ಸೆಲ್ ಟೆಂಪ್ಲೇಟ್’ ರೂಪದಲ್ಲಿ ಉಳಿಸಿ. ಅದನ್ನು ತೆರೆದವರಿಗೆ ಪ್ರತಿ ಸಲವೂ ಹೊಸ ಪ್ರತಿ ಸಿಗುತ್ತದೆ, ಅಚ್ಚು ಸವೆಯುವುದಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದೇ ಸೌಲಭ್ಯವಿದೆ. ಪವರ್ ಬಿಐ ಎಂಬ ಡ್ಯಾಶ್‌ಬೋರ್ಡ್ ತಂತ್ರಾಂಶ ಬಳಸುವವರು ಬಣ್ಣ, ಅಕ್ಷರಗಳನ್ನು ಥೀಮ್ ಕಡತದಲ್ಲೂ, ಸೂತ್ರ ಮತ್ತು ಪುಟಗಳನ್ನು ಮಾಹಿತಿಯಿಲ್ಲದ ಟೆಂಪ್ಲೇಟ್ ಕಡತದಲ್ಲೂ ಇಡಬಹುದು. ತಾಲ್ಲೂಕು ಸಂಕೇತವನ್ನು ಪ್ಯಾರಾಮೀಟರ್ ಆಗಿ ಮಾಡಿದರೆ ತೆರೆಯುವಾಗಲೇ ಅದು ಯಾವ ತಾಲ್ಲೂಕೆಂದು ಕೇಳುತ್ತದೆ. ಗೂಗಲ್‌ನ ಲುಕರ್ ಸ್ಟುಡಿಯೋದಲ್ಲಿ ವರದಿಯ ಪ್ರತಿ ಮಾಡುವಾಗ ಮಾಹಿತಿಮೂಲವನ್ನು ಬದಲಿಸಬಹುದು. ಹೊಸ ಮೂಲದಲ್ಲಿ ಕಾಲಂಗಳ ಹೆಸರು ಅಕ್ಷರಶಃ ಹಾಗೆಯೇ ಇರಬೇಕು.

ಹಂಚುವ ಮೊದಲು ಮೂರು ಪುಟಗಳನ್ನು ತುಂಬಿ ನೋಡುವುದು ನನ್ನ ರೂಢಿ: ಹೆಸರಿನ ಉದ್ದಕ್ಕೆ ಚಿಕ್ಕನಾಯಕನಹಳ್ಳಿ, ಅಂಕಿಗಳ ವಿಪರೀತಕ್ಕೆ ಪಾವಗಡ, ಒಂದೂ ವರದಿ ಬಾರದ ತಿಂಗಳಿಗೆ ಯಾವುದಾದರೊಂದು ತಾಲ್ಲೂಕು. ಮೂರೂ ಸರಿಯಾಗಿ ಕಂಡರೆ ಪುಟದ ಮೂಲೆಯಲ್ಲಿ ಅಚ್ಚಿನ ಆವೃತ್ತಿ ಸಂಖ್ಯೆಯನ್ನು ಹಾಕಿ ಕಳುಹಿಸಬಹುದು. ಬದಲಾವಣೆಗಳನ್ನು ಮೂರು ತಿಂಗಳಿಗೊಮ್ಮೆ ಮಾತ್ರ, ಒಬ್ಬರೇ ಮಾಡಬೇಕು. ನಡುವೆ ಬಂದ ಸಲಹೆಗಳು ‘ಟಿಪ್ಪಣಿ’ ಶೀಟಿನಲ್ಲಿ ದಿನಾಂಕದೊಂದಿಗೆ ಕಾದಿರಲಿ.

ಆ ಬಳಿಕ ಈ ಕೆಲಸದಲ್ಲಿ ಭಾಗಿಯಾಗದ ಒಬ್ಬರಿಗೆ ಟೆಂಪ್ಲೇಟ್ ಮತ್ತು ಒಂದು ತಿಂಗಳ ಕಚ್ಚಾ ಅಂಕಿಗಳನ್ನು ಕೊಟ್ಟು, ತುರುವೇಕೆರೆಯ ಪುಟವನ್ನು ಸಿದ್ಧಪಡಿಸಲು ಹೇಳಿ, ನೀವು ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಅವರು ಕೇಳುವ ಪ್ರತಿ ಪ್ರಶ್ನೆಗೂ ಬಾಯಿಮಾತಿನ ಉತ್ತರ ಕೊಡುವ ಬದಲು, ಆ ಉತ್ತರವನ್ನು ಟಿಪ್ಪಣಿ ಶೀಟಿನಲ್ಲಿ ಬರೆದು ತೋರಿಸಿ.